ನಿಲ್ಲಬೇಕಾಗಿದ್ದ ಮಷಿನ್ನು

ನಾನು ಮಾಡಿದ ಕೆಲಸಗಳಲ್ಲಿ ಇದು ಸರಿಯಾಗಿತ್ತು ಎಂದು ಎದೆ ತಟ್ಟಿ ಹೇಳಬಲ್ಲದ್ದು ಒಂದೇ. ಹಣ್ಣು ಮಾಗಿಸುವ ಒಂದು ಮಷಿನ್ನು ಕೆಟ್ಟಾಗ ಹೇಗೆ ನಿಲ್ಲಬೇಕು ಎನ್ನುವುದನ್ನು ಅದಕ್ಕೆ ಬರೆದುಕೊಟ್ಟಿದ್ದೆ. ಆ ಸರಿಯಾದ ಕೆಲಸದಿಂದ ಯಾರಿಗೂ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ಇದನ್ನು ಬರೆಯುವುದರಿಂದಲೂ ಆಗುವುದಿಲ್ಲ, ನನಗೆ ಗೊತ್ತಿದೆ.

ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತೇನೆ. ಅದರಲ್ಲಿ ಎಕ್ಸೆಪ್ಶನ್ ಎಂಬ ಒಂದು ಅಧ್ಯಾಯ ಬರುತ್ತದೆ. ಪ್ರೊಸೆಸರ್ ಕೆಲಸ ಮಾಡುತ್ತ ಮಾಡುತ್ತ ಮುಂದೆ ಹೋಗಲಾಗದ ಜಾಗಕ್ಕೆ ಬಂದುಬಿಡುತ್ತದೆ. ಇಲ್ಲದ ಮೆಮೊರಿಯನ್ನು ಓದಲು ಹೋಗಿರುತ್ತದೆ, ಇಲ್ಲವೇ ಕೇಳಿದ ಸೆನ್ಸರ್ ಉತ್ತರವನ್ನೇ ಕೊಟ್ಟಿರುವುದಿಲ್ಲ. ಆಗ ಅದು ಕೈಯಲ್ಲಿದ್ದ ಕೆಲಸ ಬಿಟ್ಟು ಕರ್ನೆಲ್ಲನ್ನು, ಅಂದರೆ ಎಲ್ಲದರ ತಳದಲ್ಲಿ ಕೂತು ಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು, ಕೂಗಿ ಕರೆಯುತ್ತದೆ. ಆ ಕೂಗಿಗೆ ಕರ್ನೆಲ್ ಏನು ಮಾಡಬೇಕು ಎನ್ನುವುದೇ ಆ ಅಧ್ಯಾಯ. "ಇದು ಪರೀಕ್ಷಾಕ್ಕ ಬರ್ತದೇನ್ರಿ ಮೇಡಂ?" ಎಂದು ಹುಡುಗರು ಕೇಳುತ್ತಾರೆ. ಇಲ್ಲ ಎಂದರೆ ಪೆನ್ನು ಕೆಳಗಿಡುತ್ತಾರೆ.

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಆಡಿ ಬೆಳೆದವನೊಬ್ಬ ಕಪನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡುವ ಕಾರ್ಖಾನೆ ಇಟ್ಟಿದ್ದಾನೆ. ನನಗಿಂತ ಚಿಕ್ಕವನು. ಅವರ ಮನೆಯಲ್ಲಿ ದಖನಿ ಉರ್ದು, ನಮ್ಮ ಮನೆಯಲ್ಲಿ ಕನ್ನಡ. ಅವನು ನನ್ನನ್ನು ಅಕ್ಕಾ ಎನ್ನುತ್ತಾನೆ, ನಾನು ತಮ್ಮಾ ಎನ್ನುತ್ತೇನೆ. ಒಂದು ದಿನ ಬಂದು, ಕಮಲಾಪುರದ ಒಬ್ಬ ಬಾಳೆಹಣ್ಣಿನ ಸಾವ್ಕಾರರು ಹಣ್ಣು ಮಾಗಿಸುವ ಕೋಣೆ ಕಟ್ಟಿಸುತ್ತಿದ್ದಾರೆ, ಅದರ ಪ್ಯಾನೆಲ್ ನನಗೇ ಸಿಕ್ಕಿದೆ, ಒಳಗಿನ ಪ್ರೋಗ್ರಾಮ್ ನೀವು ಬರೀರಿ ಎಂದು ಗಂಟುಬಿದ್ದ. ಒಪ್ಪಿಕೊಂಡೆ. ಪಾಠ ಮಾಡಿ ಮಾಡಿ ಬೇಸತ್ತಿದ್ದೆ. ಪರೀಕ್ಷೆಗೆ ಬಾರದ ಆ ಅಧ್ಯಾಯ ಎಲ್ಲಾದರೂ ಒಂದು ಕಡೆ ಕೆಲಸಕ್ಕೆ ಬರಲಿ ಎನ್ನುವ ಆಸೆಯೂ ಇತ್ತು.

ಕಮಲಾಪುರದ ಕೆಂಪು ಬಾಳೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಯಿಯನ್ನು ಕ್ರೇಟಿನಲ್ಲಿ ತುಂಬಿ, ಗಾಳಿಯಾಡದ ತಣ್ಣನೆಯ ಕೋಣೆಯಲ್ಲಿ ಪೇರಿಸಿ, ಮಾಗಿಸುವ ಗ್ಯಾಸ್ ಸ್ವಲ್ಪವೇ ಬಿಡುತ್ತಾರೆ. ಜನರಿಗೆ ಆ ಗ್ಯಾಸಿನದೇ ಹೆದರಿಕೆ. ಆದರೆ ಹೆದರಬೇಕಾದದ್ದು ಕಾಯಿಗೆ. ಮಾಗುವಾಗ ಕಾಯಿಯೂ ಉಸಿರಾಡುತ್ತದೆ. ಕೋಣೆ ತುಂಬ ಕಾಯಿ ಇದ್ದು, ಕೆಟ್ಟ ಗಾಳಿಯನ್ನು ಹೊರಗೆ ಹಾಕುವ ಫ್ಯಾನ್ ತಿರುಗದಿದ್ದರೆ, ಒಂದು ಹಗಲು ಒಂದು ರಾತ್ರಿಯೊಳಗೆ ಒಳಗಿನ ಗಾಳಿ ಮನುಷ್ಯರು ಉಸಿರಾಡುವ ಗಾಳಿಯಾಗಿ ಉಳಿಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಟ್ಟ ಗಾಳಿ ಎಷ್ಟಿದೆ ಎಂದು ಒಂದು ಸೆನ್ಸರ್ ನೋಡುತ್ತದೆ, ಹೆಚ್ಚಾದರೆ ನನ್ನ ಪ್ರೋಗ್ರಾಮು ಫ್ಯಾನ್ ಹಚ್ಚಬೇಕು. ಇಷ್ಟೇ ಕೆಲಸ. ಆದರೆ ದಿನಾ ಬೆಳಿಗ್ಗೆ ಆ ಕೋಣೆಯೊಳಗೆ ಮೊದಲು ಕಾಲಿಡುವುದು ಒಬ್ಬ ಹೆಂಗಸು, ಹಣ್ಣು ಬಣ್ಣ ತಿರುಗಿದೆಯೇ ಎಂದು ಮುಟ್ಟಿ ನೋಡಲು. ಅವಳು ಜೀವಂತ ಹೊರಗೆ ಬರುವುದು ಈ ಕೆಲಸದ ಮೇಲೆ ನಿಂತಿತ್ತು.

ಆ ಹೆಂಗಸನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಐವತ್ತು ದಾಟಿದ, ಬಾಯಿ ತುಂಬ ಎಲೆ ಅಡಿಕೆಯ, ನಗುಮುಖದ ಹೆಂಗಸು. ನಾನು ಪ್ಯಾನೆಲ್ಲಿನ ಬೋರ್ಡನ್ನು ಪರೀಕ್ಷಿಸುತ್ತ ಅಲ್ಲೇ ಕೂತಿದ್ದಾಗಲೆಲ್ಲ ತನ್ನ ಬುತ್ತಿಯಿಂದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ನನ್ನ ಕೈಗಿಡುತ್ತಿದ್ದಳು. "ಅಕ್ಕೋರ, ಬರೀ ತಂತಿ ನೋಡಿದ್ರ ಹೊಟ್ಟಿ ತುಂಬ್ತದೇನ್ರಿ? ತಿನ್ರಿ" ಎನ್ನುತ್ತಿದ್ದಳು. ನಾನು ಅವಳ ರೊಟ್ಟಿ ತಿಂದೇ ಆ ಪ್ರೋಗ್ರಾಮು ಬರೆದೆ.

ಪ್ರೊಸೆಸರಿನ ಕೂಗು ಬಂದಾಗ ಕರ್ನೆಲ್ ನಡೆದುಕೊಳ್ಳಬೇಕಾದ ರೀತಿಯಲ್ಲಿ ಜಾಣತನಕ್ಕೆ ಜಾಗವಿಲ್ಲ. ಅನುಮಾನವೇ ಅದರ ಧರ್ಮ. ಮನೆಗೆ ಬೆಂಕಿ ಬಿದ್ದಾಗ, ನೀರಿನ ಕೊಡ ಒಳಮನೆಯಲ್ಲಿದೆ ಎಂದು ಒಳಗೆ ಓಡಬಾರದು. ಹಾಗೆಯೇ ಆ ಹೊತ್ತಿನಲ್ಲಿ, ಕೆಟ್ಟಿರಬಹುದಾದ ಮೆಮೊರಿಯನ್ನು ಮುಟ್ಟಬಾರದು. ಅದಕ್ಕೆಂದೇ ಮೊದಲೇ ತೆಗೆದಿಟ್ಟ ಚಿಕ್ಕ ಜಾಗದಲ್ಲೇ ಕೆಲಸ ಮುಗಿಸಬೇಕು. ಬೇರೆ ಪ್ರೋಗ್ರಾಮು ಹಿಡಿದಿಟ್ಟುಕೊಂಡ ಯಾವುದಕ್ಕೂ ಕಾಯುತ್ತ ನಿಲ್ಲಬಾರದು. ಉತ್ತರ ಕೊಡದ ಸೆನ್ಸರನ್ನು ಮತ್ತೆ ಮತ್ತೆ ಕೇಳಬಾರದು, ಕೇಳಿದರೆ ಕೂಗಿನೊಳಗೇ ಇನ್ನೊಂದು ಕೂಗು ಹುಟ್ಟುತ್ತದೆ. ಬರೀ ಅಂಕಿ ತೋರಿಸುವ ಪರದೆಯ ಪ್ರೋಗ್ರಾಮು ಕೆಟ್ಟಿದ್ದರೆ ಅದೊಂದನ್ನು ಕೊಂದು ಮುಂದೆ ಹೋಗಬಹುದು. ಗಾಳಿಯ ಲೆಕ್ಕವೇ ತಪ್ಪಿದ್ದರೆ ಮೊದಲು ಗ್ಯಾಸ್ ಮುಚ್ಚಬೇಕು, ಫ್ಯಾನ್ ಹಚ್ಚಬೇಕು, ಕೆಂಪು ದೀಪ ಹಾಕಬೇಕು. ಆಮೇಲೆ ನಿಂತುಬಿಡಬೇಕು, ಮನುಷ್ಯರು ಬಂದು ನೋಡುವ ತನಕ. ಮಾಡಲೇಬಾರದ ಕೆಲಸ ಒಂದುಂಟು. ತಪ್ಪಿದ ಹೆಜ್ಜೆಯನ್ನು ಸುಮ್ಮನೆ ದಾಟಿ, ಏನೂ ಆಗಿಲ್ಲವೆಂಬಂತೆ ಮುಂದಿನ ಹೆಜ್ಜೆಗೆ ಹೋಗುವುದು.

ದಸರೆಗೆ ಕೋಣೆಯ ಪೂಜೆ ಇಟ್ಟರು. ಪ್ಯಾನೆಲ್ಲಿಗೆ ಚೆಂಡು ಹೂವಿನ ಹಾರ, ಅರಿಶಿನ ಕುಂಕುಮ. ಸಾವ್ಕಾರರ ನೆಂಟರಿಷ್ಟರೆಲ್ಲ ನೆರೆದಿದ್ದರು. ನಮ್ಮ ಓಣಿಯ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆ ಗಂಡಿನ ಹಾಗೆ ನಿಂತಿದ್ದ. ಸಾವ್ಕಾರರು ಬಟನ್ ಒತ್ತಿದರು, ಹಸಿರು ದೀಪ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ತೆಂಗಿನಕಾಯಿ ಒಡೆಯಲು ಎತ್ತಿದ ಕೈ ಇಳಿಯುವುದರೊಳಗೆ ದೀಪ ಕೆಂಪಾಯಿತು, ಫ್ಯಾನ್ ಭರ್ರೆಂದಿತು, ಮಷಿನ್ನು ನಿಂತಿತು. ಹಾರ ಹಾಕುವಾಗ ಯಾರದೋ ಕೈ ತಾಗಿ ಸೆನ್ಸರಿನ ತಂತಿ ಸಡಿಲಾಗಿತ್ತು. ಮಷಿನ್ನು ಮಾಡಬೇಕಾದ್ದನ್ನೇ ಮಾಡಿತ್ತು. ನನಗೆ ಒಳಗೊಳಗೇ ಹಿಗ್ಗು.

ಆದರೆ ಅಲ್ಲಿ ಹಿಗ್ಗಿದವಳು ನಾನೊಬ್ಬಳೇ. "ಪೂಜಿ ಟೈಮಿಗೇ ಬಂದ್ ಬಿತ್ತಲ್ಲಪಾ, ಇದೇನ್ ಅಪಶಕುನ" ಎಂದು ಸಾವ್ಕಾರರು ತಮ್ಮನತ್ತ ನೋಡಿದರು. ಅವನ ಮುಖ ಸುಣ್ಣದ ಗೋಡೆಯಾಯಿತು. ತಂತಿ ಬಿಗಿ ಮಾಡಿ ಮತ್ತೆ ಚಾಲೂ ಮಾಡಿದೆವು, ಕಾಯಿ ಒಡೆದರು, ಊಟವೂ ಆಯಿತು. ಊಟಕ್ಕೆ ಕೂತವರಲ್ಲಿ ಯಾರೂ ನಮ್ಮಿಬ್ಬರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಚಳಿಗಾಲ ಹೇಗೋ ಕಳೆಯಿತು. ಬಿಸಿಲು ಏರುತ್ತಿದ್ದಂತೆ ತಗಡಿನ ಶೆಡ್ಡಿನಲ್ಲಿ ಆ ಅಗ್ಗದ ಸೆನ್ಸರ್ ಆಗಾಗ ಮಾತು ಬಿಡತೊಡಗಿತು. ಮಷಿನ್ನು ಪ್ರತಿ ಸಲವೂ ನಿಂತು ಕೆಂಪು ದೀಪ ತೋರಿಸಿತು. ಬೈಗುಳ ಬಿದ್ದದ್ದು ಕಾಕುವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಏನ್ ಮುಟ್ಟಿದಿ? ಬಾಗ್ಲ ಯಾಕ ಅಷ್ಟೊತ್ತು ತೆಗೆದಿಟ್ಟಿ?" ಎಂದು ಸಾವ್ಕಾರರು ಕೂಗಾಡುತ್ತಿದ್ದರು. ನಾನು ಒಂದು ಸಲ ಎದುರಿಗೇ ಇದ್ದೆ, ಜಗಳವಾಡಿದೆ, ಅದು ಸೆನ್ಸರಿನ ತಪ್ಪು ಎಂದೆ. ಅವರು ನನಗೆ ಚಹಾ ತರಿಸಿದರು. ಬರಬರುತ್ತ ಕೆಂಪು ದೀಪ ಕಂಡರೆ ಸಾಕು, ಯಾರೂ ಕೇಳುವ ಮೊದಲೇ ಕಾಕು "ನಾ ಏನೂ ಮುಟ್ಟಿಲ್ರಿ" ಎನ್ನುವಂತಾಯಿತು. ಸತ್ಯ ಹೇಳುವ ಮಷಿನ್ನನ್ನು ಬೈದರೆ ಅದಕ್ಕೇನೂ ನೋವಾಗುವುದಿಲ್ಲ, ಪಕ್ಕದಲ್ಲಿ ನಿಂತ ಬಡವರಿಗಾಗುತ್ತದೆ. ಕರ್ನೆಲ್ಲಿನ ಯಾವ ಪುಸ್ತಕದಲ್ಲೂ ಇದನ್ನು ಬರೆದಿಲ್ಲ.

ತಮ್ಮ ನನ್ನ ಕಾಲೇಜಿಗೇ ಬಂದ. ಹೊರಗೆ ಬೇವಿನ ಮರದ ಕೆಳಗೆ ನಿಂತು ಮಾತಾಡಿದೆವು.

"ಅಕ್ಕಾ, ಜರಾ ಡೈರೆಕ್ಟ್ ಮಾಡಿಕೊಡ್ರಿ."

ಡೈರೆಕ್ಟ್ ಮಾಡುವುದು ಕಪನೂರಿನ ಹಳೆಯ ಪದ್ಧತಿ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದು, ಮೋಟರ್ ಕಾಯುವ ರಿಲೇ ಪದೇ ಪದೇ ಬೀಳುತ್ತದೆ. ಆಗ ಎರಡು ತಂತಿ ಕೂಡಿಸಿ ಆ ರಿಲೇಯನ್ನೇ ದಾಟಿಸಿಬಿಡುತ್ತಾರೆ. ಕೆಲಸ ನಿಲ್ಲುವುದಿಲ್ಲ. ಮೋಟರ್ ಸುಟ್ಟರೆ ಸುಡಲಿ, ಮತ್ತೆ ತಂತಿ ಸುತ್ತಿಸಿದರಾಯಿತು. ಅದನ್ನೇ ಕೋಡಿನಲ್ಲಿ ಮಾಡಿ ಎಂದು ಅವನು ಕೇಳುತ್ತಿದ್ದ. ಸೆನ್ಸರ್ ಉತ್ತರ ಕೊಡದಿದ್ದರೆ ಬಿಟ್ಟು ಮುಂದೆ ಹೋಗಲಿ, ಮಷಿನ್ನು ಮಾತ್ರ ನಿಲ್ಲಬಾರದು.

"ತಮ್ಮಾ, ಮೋಟರ್ ಸುಟ್ಟರ ಸುತ್ತಿಸಬಹುದು. ಒಳಗ ಮನಶ್ಯಾರು ಹೋಗ್ತಾರ" ಎಂದೆ.

"ಖರೆ ಅದರಿ ಅಕ್ಕಾ. ಆದ್ರ ಜನಾ ನಿಂತ ಮಷಿನ್ನಿಗಿ ಕೆಟ್ಟಾದ ಅಂತಾರ, ನಡೆಯೋ ಮಷಿನ್ನಿಗಿ ಛಲೋ ಅಂತಾರ. ನನ್ನ ಇಜ್ಜತ್ ಹೋಗ್ಲಾಕತ್ತಾದ್ರಿ. ಮುಂದಿನ ಕೆಲಸಾ ಯಾರೂ ಕೊಡಂಗಿಲ್ಲ."

"ಸೆನ್ಸರ್ ಬದಲಿ ಮಾಡು."

"ಸಾವ್ಕಾರ್ರು ಮಷಿನ್ನೇ ಕೆಟ್ಟಾದ ಅಂತಾರ್ರಿ, ಸೆನ್ಸರ್ ಮಾತು ಕೇಳಂಗೇ ಇಲ್ಲ."

ನಾನು ಆಗುವುದಿಲ್ಲ ಎಂದೆ. ಸಿಟ್ಟಿನಲ್ಲಿ ಇನ್ನೂ ನಾಲ್ಕು ಮಾತು ಹೆಚ್ಚೇ ಆಡಿದೆ. ಅವನು ತಲೆ ತಗ್ಗಿಸಿ, "ಆತ್ರಿ ಅಕ್ಕಾ" ಎಂದು ಹೋದ. ಆಮೇಲೆ, ಮಷಿನ್ನು ನಿಂತಾಗಲೆಲ್ಲ ಕಮಲಾಪುರದಿಂದ ಬರುತ್ತಿದ್ದ ಫೋನ್ ನಿಂತಿತು.

ರಮ್ಜಾನ್ ಶುರುವಾಯಿತು. ಸಂಜೆ ರೋಜಾ, ಅಂದರೆ ಉಪವಾಸ, ಬಿಡುವ ಹೊತ್ತಿಗೆ ಹಣ್ಣು ಬೇಕು. ಜಗತ್ ಸರ್ಕಲ್ಲಿನ ಸುತ್ತ ಬಂಡಿಗಳ ಮೇಲೆ ಬಾಳೆಹಣ್ಣು ಬೆಟ್ಟದಂತೆ ಬಿದ್ದಿತ್ತು. ಅಲ್ಲಿ ತಮ್ಮ ಎದುರಾದ. "ಅಕ್ಕಾ, ಈಗ ಮಷಿನ್ ಒಂದ್ ಸಲಾನೂ ಬಂದ್ ಬಿದ್ದಿಲ್ಲ ನೋಡ್ರಿ" ಎಂದ, ನನ್ನ ಕಣ್ಣು ತಪ್ಪಿಸಿ. ಸೆನ್ಸರ್ ಬದಲಾಯಿಸಿದೆಯಾ ಎಂದು ಕೇಳಿದೆ. ಅವನು ಬಂಡಿಯವನ ಕಡೆ ತಿರುಗಿ ಹಣ್ಣಿನ ರೇಟು ಕೇಳಿದ. ಮರುದಿನ ಬೆಳಿಗ್ಗೆಯೇ ಕಮಲಾಪುರಕ್ಕೆ ಹುಮನಾಬಾದ್ ರೋಡಿನ ಬಸ್ಸು ಹತ್ತಿದೆ.

ಕೋಣೆಯ ಮುಂದೆ ಪರದೆ ಚೆಂದವಾಗಿ ಹೊಳೆಯುತ್ತಿತ್ತು. ಹಸಿರು ದೀಪ. ಗಾಳಿಯ ಅಂಕಿ ಬಹಳ ಒಳ್ಳೆಯದಿತ್ತು. ನಾನು ಒಂದು ಸ್ಟೂಲ್ ಎಳೆದುಕೊಂಡು ಅದನ್ನೇ ನೋಡುತ್ತ ಕೂತೆ. ಕೋಣೆ ತುಂಬ ಕಾಯಿ ಇರುವಾಗ ಆ ಅಂಕಿ ಏರಬೇಕು, ಫ್ಯಾನ್ ತಿರುಗಿದಾಗ ಇಳಿಯಬೇಕು. ಅದು ಏರಲಿಲ್ಲ, ಇಳಿಯಲಿಲ್ಲ. ಕಾಕು ತಂದುಕೊಟ್ಟ ಚಹಾ ಆರಿ ತಣ್ಣಗಾದರೂ ಅದೇ ಅಂಕಿ. ಆಗ ತಿಳಿಯಿತು. ಆಗಾಗ ಮಾತು ಬಿಡುತ್ತಿದ್ದ ಸೆನ್ಸರ್ ಈಗ ಪೂರ್ತಿ ಸುಮ್ಮನಾಗಿದೆ, ಪ್ರೊಸೆಸರ್ ಪ್ರತಿ ಸಲ ಕೂಗುತ್ತಿದೆ, ಯಾರೋ ಬದಲಾಯಿಸಿದ ಕರ್ನೆಲ್ ಆ ಹೆಜ್ಜೆಯನ್ನು ದಾಟಿ ಮುಂದೆ ಹೋಗುತ್ತಿದೆ. ಕೊನೆಯ ಸಲ ಓದಿದ ಹಳೆಯ ಅಂಕಿಯೇ, ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿ ಕೂತಿದೆ. ಅದು ಒಳ್ಳೆಯದಿರುವ ತನಕ ಫ್ಯಾನ್ ಹತ್ತುವುದೇ ಇಲ್ಲ.

ಎದ್ದು ಮೇನ್ ಸ್ವಿಚ್ ಇಳಿಸಿದೆ. ಬಾಗಿಲು ಪೂರ್ತಿ ತೆರೆದೆ. ಸಾವ್ಕಾರರು ಓಡಿ ಬಂದರು. ಫೋನ್ ಮಾಡಿದ್ದಕ್ಕೆ ತಮ್ಮ ಕಪನೂರಿನಿಂದ ಬೈಕಿನಲ್ಲಿ ಬಂದ, ರೋಜಾ ಇದ್ದ ಬಾಯಿ ಒಣಗಿತ್ತು. ಹೈದರಾಬಾದಿನ ಒಬ್ಬ ಪ್ರೋಗ್ರಾಮರನಿಂದ ಡೈರೆಕ್ಟ್ ಮಾಡಿಸಿದೆ ಎಂದು ಒಪ್ಪಿಕೊಂಡ. ನಾನು ಎಲ್ಲರೆದುರು ಅವನನ್ನು ಬೈದೆ. ನನ್ನ ಹಳೆಯ ಕೋಡ್ ಹಾಕೋಣವೆಂದರೆ, ಆ ಸೆನ್ಸರ್ ಇರುವ ತನಕ ಮಷಿನ್ನು ಹಚ್ಚಿದ ಕೂಡಲೇ ನಿಲ್ಲುತ್ತದೆ. ಹೊಸ ಸೆನ್ಸರ್ ಹೈದರಾಬಾದಿನಿಂದ ಬರಬೇಕು.

"ಬರೋತನಕ ಬಾಗ್ಲ ತೆಗೆದೇ ಇಡ್ರಿ. ಹಣ್ಣು ತಡಾ ಆಗಿ ಮಾಗ್ಲಿ" ಎಂದೆ.

"ಆಯ್ತ್ರಿ ಮೇಡಂ, ನೀವ್ ಹೇಳಿದಂಗ" ಎಂದರು ಸಾವ್ಕಾರರು. ಎಷ್ಟು ಬೇಗ ಒಪ್ಪಿದರೆಂದರೆ, ಒಪ್ಪಿಲ್ಲ ಎನ್ನುವುದು ನನಗೆ ಅಲ್ಲೇ ತಿಳಿಯಿತು.

ಕಾಕುವನ್ನು ಪಕ್ಕಕ್ಕೆ ಕರೆದು ಅವಳ ಎರಡೂ ಕೈ ಹಿಡಿದುಕೊಂಡೆ. "ಹಸರು ದೀಪ ಇದ್ರೂ ನಂಬಬ್ಯಾಡ್ರಿ ಕಾಕು. ಮೊದಲ ಬಾಗ್ಲ ತೆಗೆದು ಭಾಳೊತ್ತು ಹೊರಗ ನಿಂದ್ರಿ, ಆಮ್ಯಾಲ ಒಳಗ ಹೋಗ್ರಿ. ಆಣಿ ಮಾಡ್ರಿ" ಎಂದೆ.

"ಆತ್ರಿ ಅಕ್ಕೋರ, ನಿಮ್ಮಾಣಿ" ಎಂದಳು. ಆಮೇಲೆ ಮೆಲ್ಲಗೆ, "ಬಾಗ್ಲ ತೆಗೆದ್ರ ಥಂಡಿ ಹೋಗ್ತದಂತ ಸಾವ್ಕಾರ್ರು ಒದರ್ತಾರ್ರಿ" ಎಂದಳು. ನಾನು ಸಾವ್ಕಾರರಿಗೆ ಹೇಳಿದ್ದೇನೆ ಎಂದೆ. ಹೇಳಿದ್ದೆ, ನಿಜ. ನೀರಿನಲ್ಲಿ ಹೋಮ ಮಾಡಿದ್ದೆ.

ನಾನು ಬಸ್ಸು ಹತ್ತಿದ ಮೇಲೆ ಬಾಗಿಲು ಹಾಕಿ ಸ್ವಿಚ್ ಏರಿಸಿದರಂತೆ. ಮಾರನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಟೆಂಪೊ ನಿಂತಿತ್ತು, ಹಣ್ಣು ಊರೂರಿಗೆ ಹೋಗಬೇಕಿತ್ತು. ಕಾಕು ಬಾಗಿಲು ತೆರೆದು ಹೊರಗೇ ನಿಂತಳಂತೆ. "ಏನ್ ನಿಂತಿ, ಹಸರು ದೀಪ ಕಾಣವಲ್ದೇನು?" ಎಂದು ಸಾವ್ಕಾರರು ಕೂಗಿದರಂತೆ. ಅವಳು ಒಳಗೆ ಹೋದಳು. ಹಿಂದಿನ ಸಾಲಿನ ಕ್ರೇಟಿನ ಹತ್ತಿರ ಬಿದ್ದಿದ್ದಳು. ಮೂಗಿಗೆ ಟವೆಲ್ ಕಟ್ಟಿಕೊಂಡು ಹೋಗಿ ಎಳೆದು ತಂದವನು ಟೆಂಪೊ ಡ್ರೈವರ್. ಇದೆಲ್ಲ ಅವನೇ ನನಗೆ ಹೇಳಿದ್ದು, ಕಲಬುರಗಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು.

ಕಾಕು ಸಾಯಲಿಲ್ಲ. ಉಸಿರು ಬಂತು, ಕಣ್ಣು ತೆರೆದಳು. ಮೆದುಳಿಗೆ ಬಹಳ ಹೊತ್ತು ಗಾಳಿ ಸಿಕ್ಕಿಲ್ಲ, ಮೊದಲಿನಂತೆ ಆಗುವುದು ಕಷ್ಟ ಎಂದರು ಡಾಕ್ಟರು.

ಆ ಸಂಜೆ ತಮ್ಮ ನಮ್ಮ ಮನೆಗೆ ಬಂದು ಕೂತ. ಮಸೀದಿಯಿಂದ ಮಗ್ರಿಬಿನ ಆಜಾನ್ ಕೇಳಿಸಿತು, ನಾನು ಒಂದು ಲೋಟ ನೀರು, ಎರಡು ಖರ್ಜೂರ ತಂದಿಟ್ಟೆ. ನೀರು ಮಾತ್ರ ಕುಡಿದ. "ಬೈರಿ ಅಕ್ಕಾ ನನಗ" ಎಂದ. ಬೈಗುಳ ನನ್ನಲ್ಲಿ ಉಳಿದಿರಲಿಲ್ಲ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ದ್ವೇಷಿಸಿಕೊಂಡಾದರೂ ಬದುಕಬಹುದಿತ್ತು.

ಸಾವ್ಕಾರರು ಆಸ್ಪತ್ರೆಯ ಖರ್ಚು ಕೊಟ್ಟರು, ಅದನ್ನು ಊರಿಗೆಲ್ಲ ಹೇಳಿದರು. ಪೊಲೀಸರು ಬಂದು ನೋಡಿದಾಗಲೂ ಪರದೆಯ ಮೇಲೆ ಹಸಿರು ದೀಪ, ಅದೇ ಒಳ್ಳೆಯ ಅಂಕಿ. ಅವಳು ಹಸಿದ ಹೊಟ್ಟೆಯಲ್ಲಿ ಬಂದಿದ್ದಳು, ತಲೆ ತಿರುಗಿ ಬಿದ್ದಳು ಎಂದು ಎಲ್ಲರೂ ಮಾತಾಡಿ ಮುಗಿಸಿದರು. ಆ ಅಂಕಿ ಸುಳ್ಳು, ಅದು ಸತ್ತ ಅಂಕಿ ಎಂದು ನಾನು ಎಷ್ಟು ವಿವರಿಸಿದರೂ, ಪೊಲೀಸರು "ಮಷಿನ್ ಬಂದ್ ಬಿದ್ದಿತ್ತೇನ್ರಿ ಮತ್ತ?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾದ್ರ ಮಷಿನ್ ಛಲೋನೇ ಅದ ಅಲ್ರಿ" ಎಂದರು. ಆಮೇಲೆ ಸೆನ್ಸರ್ ಬದಲಾಯಿತು, ನನ್ನ ಕೋಡನ್ನೂ ತಮ್ಮ ತಿರುಗಿ ಹಾಕಿದ. ಈಗ ಅದು ಸರಿಯಾಗಿ ನಿಲ್ಲುತ್ತದೆ. ನನಗೆ ಅದರಿಂದ ಯಾವ ಸಮಾಧಾನವೂ ಇಲ್ಲ.

ಕೆಲವು ವಾರ ಬಿಟ್ಟು ಕಮಲಾಪುರದಲ್ಲಿ ಕಾಕುವಿನ ಮನೆಗೆ ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೈ ನಡುಗುತ್ತಿತ್ತು, ಮಗಳು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನನ್ನನ್ನು ಬಹಳ ಹೊತ್ತು ನೋಡಿ ಗುರುತು ಹಿಡಿದಳು. ಗುರುತು ಸಿಕ್ಕಿದ ಕೂಡಲೇ ಅವಳ ಮುಖದಲ್ಲಿ ಬಂದದ್ದು ನಗುವಲ್ಲ, ಹೆದರಿಕೆ.

"ಅಕ್ಕೋರ, ನಾ ಬಿದ್ದಾಗ ಮಷಿನ್ ಬಂದ್ ಬಿತ್ತೇನ್ರಿ?"

"ಇಲ್ಲ ಕಾಕು. ಬಂದ್ ಬಿದ್ದಿಲ್ಲ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. "ಪುಣ್ಯಾ ಬಂತ್ರಿ. ಬಂದ್ ಬಿದ್ದಿದ್ರ ಎಲ್ಲಾ ನನ್ನ ಮ್ಯಾಲ ಬರ್ತಿತ್ತು."

ಮಗಳು ನೀರು ಕುಡಿಸಿ ಬಾಯಿ ಒರೆಸಿದಳು. ಕಾಕು ನನ್ನ ಕಡೆ ತಿರುಗಿದಳು, ಮತ್ತೆ ಬಹಳ ಹೊತ್ತು ನೋಡಿದಳು, ಮತ್ತೆ ಗುರುತು ಹಿಡಿದಳು.

"ಅಕ್ಕೋರ, ನಾ ಬಿದ್ದಾಗ ಮಷಿನ್ ಬಂದ್ ಬಿತ್ತೇನ್ರಿ?"

"ಅಕಿಗಿ ನೆಪ್ಪ ಉಳಿಯಂಗಿಲ್ರಿ. ಬಂದವ್ರಿಗೆಲ್ಲಾ ಅದೊಂದೇ ಕೇಳ್ತಾಳ" ಎಂದಳು ಮಗಳು.

ಇಲ್ಲ ಕಾಕು, ಬಂದ್ ಬಿದ್ದಿಲ್ಲ ಎಂದು ನಾನು ಮತ್ತೆ ಹೇಳಿದೆ. ಅಲ್ಲಿ ಕೂತಿರುವ ತನಕ, ಅವಳು ಕೇಳಿದಾಗಲೆಲ್ಲ, ಹಾಗೆಯೇ ಹೇಳಿದೆ.